ನಮಗೆ ನಾವೇ ಹಾಕಿಕೊಂಡ ಪಾಠ

ಕಲಿಯುವುದೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವ ಚಿತ್ರ ಸಾಮಾನ್ಯವಾಗಿ ಒಂದೇ. ಇಷ್ಟು ಅಧ್ಯಾಯಗಳು, ಇಷ್ಟು ಗಂಟೆಗಳು, ಕೊನೆಯಲ್ಲಿ ಒಂದು ಪರೀಕ್ಷೆ, ಅದಕ್ಕೆ ಇಷ್ಟು ಅಂಕಗಳು. ಏನನ್ನು ಕಲಿಯಬೇಕು, ಯಾವ ಕ್ರಮದಲ್ಲಿ ಕಲಿಯಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬುದೆಲ್ಲವನ್ನೂ ಬೇರೆಯವರು ನಿಶ್ಚಯಿಸಿರುತ್ತಾರೆ. ಈ ವ್ಯವಸ್ಥೆ ಬೇಡವೆಂದು ನಾವು ಹೇಳುವುದಿಲ್ಲ. ಅದಿಲ್ಲದೆ ವೈದ್ಯರಾಗಲಿ ಎಂಜಿನಿಯರುಗಳಾಗಲಿ ಸಿದ್ಧರಾಗಲಾರರು. ಆದರೆ ಅದರ ಪಕ್ಕದಲ್ಲಿ ಇನ್ನೊಂದು ಬಗೆಯ ಕಲಿಕೆಗೂ ಎಡೆಯಿದೆ. ಯಾರೂ ಹೇಳದೆ, ಯಾರೂ ಅಂಕ ಕೊಡದೆ, ಕೇವಲ ಸಂತೋಷಕ್ಕಾಗಿ ನಮಗೆ ನಾವೇ ಹಾಕಿಕೊಳ್ಳುವ ಪಾಠವದು.

ಸಂತೋಷದ ಕಲಿಕೆಗೆ ಯೋಜನೆಯ ಗೊಡವೆ ಏಕೆ ಎಂದು ಹಲವರು ಕೇಳುತ್ತಾರೆ. ನಮ್ಮ ಅನುಭವವೇ ಬೇರೆ. ಯೋಜನೆಯಿಲ್ಲದ ಉತ್ಸಾಹ ಮೂರು ದಿನಗಳಲ್ಲಿ ಆರಿಹೋಗುತ್ತದೆ. ಹಾಗೆಂದು ಶಾಲೆಯ ವೇಳಾಪಟ್ಟಿಯನ್ನೇ ನಕಲು ಮಾಡಿ ಮನೆಯ ಗೋಡೆಗೆ ಅಂಟಿಸಿದರೆ, ಅದೂ ಒಂದು ವಾರದಲ್ಲಿ ಬೇಸರ ತರಿಸುತ್ತದೆ. ಇವೆರಡರ ನಡುವೆ ಒಂದು ದಾರಿಯಿದೆ. ಚಳ್ಳಕೆರೆ ಮತ್ತು ಮೊಳಕಾಲ್ಮೂರಿನ ಬಯಲಿನಲ್ಲಿ ನಾವು ಮಾಡಿದ ಒಂದು ಸಣ್ಣ ಪ್ರಯತ್ನದ ಮೂಲಕ ಆ ದಾರಿಯನ್ನು ವಾಚಕರ ಮುಂದಿಡಬೇಕೆಂದಿದ್ದೇವೆ.

ತಪ್ಪು ಉತ್ತರದಿಂದ ಆರಂಭ

ಕೆಲವು ವರ್ಷಗಳ ಹಿಂದಿನ ಮಾತು. ತರಗತಿಯಲ್ಲಿ ಭೂಮಿಯ ಅಕ್ಷದ ಓರೆಯನ್ನು ಕುರಿತು ಹೇಳುತ್ತಿದ್ದೆವು. ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿ ಎದ್ದು, "ಸಾರ್, ನಮ್ಮೂರಿನಲ್ಲಿ ನೆರಳು ಪೂರ್ತಿ ಮಾಯವಾಗುವುದು ಯಾವ ದಿನ?" ಎಂದು ಕೇಳಿದ. "ಮಾರ್ಚ್ 21" ಎಂದು ನಾವು ಕ್ಷಣವೂ ಯೋಚಿಸದೆ ಉತ್ತರಿಸಿದೆವು. ಹುಡುಗ ಅದನ್ನು ನಂಬಿದ. ಅಷ್ಟೇ ಆಗಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವನು ಆ ದಿನ ಮನೆಯ ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲು ನೆಟ್ಟು ನೋಡಿ, ಮರುದಿನ ಬಂದು ಸಂಕೋಚದಿಂದಲೇ, "ಮಧ್ಯಾಹ್ನ ಗೇಣಿಗಿಂತ ಉದ್ದ ನೆರಳಿತ್ತು ಸಾರ್" ಎಂದ.

ಅವನೇ ಸರಿ, ನಾವು ತಪ್ಪು. ಮಾರ್ಚ್ 21ರ ಸುಮಾರಿಗೆ ಸೂರ್ಯನು ನೆತ್ತಿಯ ಮೇಲೆ ಬರುವುದು ಭೂಮಧ್ಯರೇಖೆಯ ಮೇಲಿರುವವರಿಗೆ. ಚಳ್ಳಕೆರೆ ಆ ರೇಖೆಯಿಂದ ಸುಮಾರು 14.3 ಡಿಗ್ರಿ ಉತ್ತರಕ್ಕಿದೆ. ಆದುದರಿಂದ ಆ ದಿನ ಅಲ್ಲಿ ಒಂದು ಮೀಟರ್ ಕೋಲಿನ ಮಧ್ಯಾಹ್ನದ ನೆರಳು ಸುಮಾರು 25 ಸೆಂಟಿಮೀಟರ್ ಇರಲೇಬೇಕು. ಇದನ್ನು ಲೆಕ್ಕಹಾಕಲು ಬೇಕಾದ ತ್ರಿಕೋನಮಿತಿ ನಮಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಸ್ನಾತಕೋತ್ತರ ಪದವಿಯೂ ಇತ್ತು, ಪಾಠ ಹೇಳಿದ ಅನುಭವವೂ ಇತ್ತು. ಇಲ್ಲದಿದ್ದುದು ಒಂದೇ: ನಮ್ಮ ನೆರಳನ್ನು ನಾವು ಒಂದು ದಿನವೂ ನಿಂತು ನೋಡಿರಲಿಲ್ಲ.

ಈ ಪ್ರಸಂಗ ನಮ್ಮನ್ನು ಬಹಳ ದಿನ ಕಾಡಿತು. ಚಳ್ಳಕೆರೆಯ ವಿದ್ಯಾರ್ಥಿಗಳಿಗೆ ವಿಜ್ಞಾನವೆಂದರೆ ಬೇಲಿಯ ಆಚೆ ನಡೆಯುವ ಕೆಲಸ. ಕುದಾಪುರದ ಕಡೆಗೆ ಹೋದರೆ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ವೈಮಾನಿಕ ಪರೀಕ್ಷಾ ವಲಯವಿದೆ. 2023ರ ಏಪ್ರಿಲ್ 2ರಂದು ಇಸ್ರೋ ಸಂಸ್ಥೆಯವರು ಮರುಬಳಕೆಯ ಉಡಾವಣಾ ವಾಹನದ ಮಾದರಿಯೊಂದನ್ನು ಹೆಲಿಕಾಪ್ಟರಿನಿಂದ ಸುಮಾರು 4.5 ಕಿಲೋಮೀಟರ್ ಎತ್ತರದಲ್ಲಿ ಕಳಚಿಬಿಟ್ಟಾಗ, ಅದು ಯಾರ ನೆರವೂ ಇಲ್ಲದೆ ತಾನೇ ಇಳಿದುಬಂದದ್ದು ಈ ವಲಯದ ಓಡುದಾರಿಯ ಮೇಲೆಯೇ. ಹೆಮ್ಮೆಪಡಬೇಕಾದ ಸಂಗತಿ, ನಿಜ. ಆದರೆ ಅದನ್ನು ದೂರದಿಂದ ಕೇಳಿದ ಹುಡುಗನು, ತನ್ನ ಅಂಗಳದಲ್ಲಿ ತಾನೂ ಏನನ್ನಾದರೂ ಅಳೆಯಬಹುದೆಂಬುದನ್ನು ಮರೆತರೆ ನಷ್ಟ ದೊಡ್ಡದು. ಹಿಂದಿನ ಬೆಂಚಿನ ಆ ವಿದ್ಯಾರ್ಥಿ ಮರೆತಿರಲಿಲ್ಲ. ಮರೆತವರು ಅವನ ಉಪಾಧ್ಯಾಯರು. ಹೀಗಾಗಿ ಮುಂದಿನ ಬೇಸಗೆಯ ರಜೆಯಲ್ಲಿ ನಮಗೆ ನಾವೇ ಒಂದು ಪಾಠ ಹಾಕಿಕೊಂಡೆವು.

ಪ್ರಶ್ನೆಯನ್ನು ಕಿರಿದು ಮಾಡುವುದು

ಮೊದಲು ನಾವು ಕಾಗದದ ಮೇಲೆ ಬರೆದದ್ದು "ಖಗೋಳಶಾಸ್ತ್ರವನ್ನು ಚೆನ್ನಾಗಿ ಕಲಿಯುವುದು" ಎಂದು. ಅದರ ಕೆಳಗೆ ಆರು ಪುಸ್ತಕಗಳ ಹೆಸರನ್ನೂ ಬರೆದೆವು. ಎರಡು ದಿನ ಕಳೆದರೂ ಮೊದಲ ಪುಸ್ತಕದ ಹನ್ನೆರಡನೆಯ ಪುಟ ದಾಟಲಿಲ್ಲ. ತಪ್ಪು ಪುಸ್ತಕದ್ದಲ್ಲ. "ಚೆನ್ನಾಗಿ ಕಲಿಯುವುದು" ಎಂಬ ಮಾತಿಗೆ ಆರಂಭವೂ ಇಲ್ಲ, ಮುಕ್ತಾಯವೂ ಇಲ್ಲ. ಇಂದು ಏನು ಮಾಡಬೇಕೆಂದು ಅದು ಹೇಳುವುದಿಲ್ಲ. ಕೆಲಸ ಮುಗಿಯಿತೆಂದು ತಿಳಿಯುವ ಬಗೆಯೂ ಅದರಲ್ಲಿಲ್ಲ.

ಆ ಕಾಗದವನ್ನು ಹರಿದುಹಾಕಿ ಹೊಸದರಲ್ಲಿ ಒಂದೇ ವಾಕ್ಯ ಬರೆದೆವು: "ಚಳ್ಳಕೆರೆಯಲ್ಲಿ ನೆಟ್ಟ ಕೋಲಿನ ನೆರಳು ಯಾವ ದಿನ, ಎಷ್ಟು ಗಂಟೆಗೆ ಇಲ್ಲವಾಗುತ್ತದೆ?" ಇದು ಹುಡುಗನ ಪ್ರಶ್ನೆಯೇ. ಇದಕ್ಕೆ ಉತ್ತರ ಕಣ್ಣಿಗೆ ಕಾಣುವಂಥದು. ಉಪಕರಣವೆಂದರೆ ಒಂದು ಕೋಲು. ಬಿಸಿಲಿಗಂತೂ ನಮ್ಮಲ್ಲಿ ಬರವಿಲ್ಲ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಇವೆರಡೂ ಸೇರಿವೆ.

ಪ್ರಶ್ನೆಯ ಕೆಳಗೆ ನಮ್ಮ ಊಹೆಯನ್ನೂ ಬರೆದಿಟ್ಟೆವು: "ಬಹುಶಃ ಮೇ ಮೊದಲ ವಾರ, ಸರಿಯಾಗಿ 12 ಗಂಟೆಗೆ." ಈ ಹೆಜ್ಜೆಯನ್ನು ಯಾರೂ ಬಿಡಬಾರದು. ಊಹೆಯನ್ನು ಮೊದಲೇ ಬರೆಯದಿದ್ದರೆ, ಉತ್ತರ ಕಂಡ ಮೇಲೆ "ಇದು ನನಗೆ ಮೊದಲೇ ಗೊತ್ತಿತ್ತು" ಎಂದು ಮನಸ್ಸು ನಮ್ಮನ್ನು ಮೋಸಗೊಳಿಸುತ್ತದೆ. ಬರೆದಿಟ್ಟ ಊಹೆ ತಪ್ಪಿದಾಗ ಮಾತ್ರ ಕಲಿತದ್ದು ಎಷ್ಟೆಂಬುದು ತಿಳಿಯುತ್ತದೆ. ನಮ್ಮ ಊಹೆಯ ಎರಡು ಭಾಗಗಳೂ ತಪ್ಪಾಗಿದ್ದವು.

ಐದು ವಾರಗಳ ಪಟ್ಟಿ

ಏಪ್ರಿಲ್ 10ರಿಂದ ಮೇ 15ರವರೆಗೆ ಐದು ವಾರಗಳು, ದಿನಕ್ಕೆ ಅರ್ಧ ಗಂಟೆ. ಇದು ನಮ್ಮ ಮಿತಿ. ಅದಕ್ಕಿಂತ ಹೆಚ್ಚು ಸಮಯ ಕೊಡಬಾರದೆಂದೂ ನಿಯಮ ಮಾಡಿಕೊಂಡೆವು. ಇನ್ನೂ ನೋಡಬೇಕೆಂಬ ಆಸೆ ಉಳಿದಿರುವಾಗಲೇ ಎದ್ದರೆ ಮರುದಿನ ತಾನಾಗಿ ಕಾಲು ಅಂಗಳದ ಕಡೆ ಹೊರಡುತ್ತದೆ.

ಮೊದಲ ವಾರದ ಕೆಲಸ ಉತ್ತರ ದಕ್ಷಿಣ ರೇಖೆಯನ್ನು ಎಳೆಯುವುದು. ದಿಕ್ಸೂಚಿಯ ಅಗತ್ಯವಿಲ್ಲ. ಸಮತಟ್ಟಾದ ನೆಲದಲ್ಲಿ ಕೋಲನ್ನು ನೆಟ್ಟು, ಅದರ ಬುಡವನ್ನು ಕೇಂದ್ರವಾಗಿಟ್ಟುಕೊಂಡು ಒಂದು ವೃತ್ತ ಬರೆಯಬೇಕು. ಬೆಳಗ್ಗೆ ನೆರಳಿನ ತುದಿ ಕುಗ್ಗುತ್ತ ಬಂದು ವೃತ್ತವನ್ನು ಒಳಹೊಗುವ ಬಿಂದುವನ್ನೂ, ಮಧ್ಯಾಹ್ನದ ಮೇಲೆ ಬೆಳೆಯುತ್ತ ಹೊರಹೋಗುವ ಬಿಂದುವನ್ನೂ ಗುರುತಿಸಬೇಕು. ಎರಡನ್ನೂ ಸೇರಿಸಿದರೆ ಪೂರ್ವ ಪಶ್ಚಿಮ ರೇಖೆ, ಅದಕ್ಕೆ ಕೋಲಿನ ಬುಡದಿಂದ ಲಂಬ ಎಳೆದರೆ ಉತ್ತರ ದಕ್ಷಿಣ ರೇಖೆ. ನಮ್ಮ ಪ್ರಾಚೀನ ಜ್ಯೋತಿಷ ಗ್ರಂಥವಾದ ಸೂರ್ಯಸಿದ್ಧಾಂತದಲ್ಲಿ, ತ್ರಿಪ್ರಶ್ನಾಧಿಕಾರವೆಂಬ ಅಧ್ಯಾಯದಲ್ಲಿ, ಹನ್ನೆರಡು ಅಂಗುಲದ ಶಂಕುವಿನಿಂದ ದಿಕ್ಕನ್ನು ಕಾಣುವ ಇದೇ ಕ್ರಮ ಹೇಳಲ್ಪಟ್ಟಿದೆ. ಶಂಕುವೆಂದರೆ ನೆಟ್ಟ ಕೋಲೇ ಹೊರತು ಬೇರೇನೂ ಅಲ್ಲ.

ಎರಡನೆಯ ವಾರ ದಿನವೂ ಅತಿ ಗಿಡ್ಡ ನೆರಳನ್ನು ಗುರುತಿಸಿ ಗಡಿಯಾರ ನೋಡುವುದು. ಮೂರನೆಯ ವಾರ ನೆರಳು ಮಾಯವಾಗುವ ದಿನಕ್ಕಾಗಿ ಕಾಯುವುದು. ನಾಲ್ಕನೆಯ ವಾರ ಆಮೇಲೆ ಏನಾಗುತ್ತದೆಂದು ನೋಡುವುದು. ಐದನೆಯ ವಾರ, ಕಂಡದ್ದನ್ನು ನಾಲ್ಕು ಪುಟಗಳಲ್ಲಿ ಬರೆದು, ವಿಜ್ಞಾನ ಓದದ ಒಬ್ಬರಿಗೆ ತಿಳಿಯುವಂತೆ ಹೇಳುವುದು. ಪಟ್ಟಿ ಇಷ್ಟೇ. ಪುಸ್ತಕಗಳ ಹೆಸರು ಅದರಲ್ಲಿ ಒಂದೂ ಇರಲಿಲ್ಲ.

ಒಂದು ಎಚ್ಚರಿಕೆಯ ಮಾತು. ಈ ಕೆಲಸದಲ್ಲಿ ನಾವು ನೋಡಬೇಕಾದುದು ನೆಲವನ್ನು, ಆಕಾಶವನ್ನಲ್ಲ. ಸೂರ್ಯನನ್ನು ಬರಿಗಣ್ಣಿನಿಂದಾಗಲಿ, ರಂಧ್ರದ ಮೂಲಕವಾಗಲಿ ಎಂದಿಗೂ ನೇರವಾಗಿ ನೋಡಬಾರದು.

ನೆರಳು ಹೇಳಿದ ಸಂಗತಿಗಳು

ಎರಡನೆಯ ವಾರದಲ್ಲಿಯೇ ಮೊದಲ ಆಶ್ಚರ್ಯ ಕಾದಿತ್ತು. ನೆರಳು ಅತಿ ಗಿಡ್ಡವಾಗುತ್ತಿದ್ದುದು 12 ಗಂಟೆಗಲ್ಲ, 12 ಗಂಟೆ 20 ನಿಮಿಷ ದಾಟಿದ ಮೇಲೆ. ಗಡಿಯಾರ ಕೆಟ್ಟಿರಬಹುದೆಂದು ಮೊದಲು ಅನುಮಾನಿಸಿದೆವು. ನಿಜವಾದ ಕಾರಣ ಬೇರೆ. ನಮ್ಮ ಗಡಿಯಾರಗಳು ತೋರಿಸುವುದು 82.5 ಡಿಗ್ರಿ ಪೂರ್ವ ರೇಖಾಂಶದ ವೇಳೆಯನ್ನು. ಚಳ್ಳಕೆರೆ ಇರುವುದು ಸುಮಾರು 76.65 ಡಿಗ್ರಿಯಲ್ಲಿ, ಎಂದರೆ 5.85 ಡಿಗ್ರಿ ಪಶ್ಚಿಮಕ್ಕೆ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಆದುದರಿಂದ ನಮ್ಮ ಮಧ್ಯಾಹ್ನ ಸುಮಾರು 23 ನಿಮಿಷ ತಡ. ಏಪ್ರಿಲ್ ಕೊನೆಯಲ್ಲಿ ಸೂರ್ಯನು ತನ್ನ ಸರಾಸರಿ ವೇಳೆಗಿಂತ ಎರಡೂವರೆ ನಿಮಿಷದಷ್ಟು ಮುಂದಿರುತ್ತಾನೆ. ಅಷ್ಟನ್ನು ಕಳೆದರೆ 12 ಗಂಟೆ 21 ನಿಮಿಷ. ನಮ್ಮ ಗುರುತುಗಳೂ ಅದನ್ನೇ ಹೇಳುತ್ತಿದ್ದವು.

ಎರಡನೆಯ ಸಂಗತಿ ನೆರಳಿನ ಕುಗ್ಗುವಿಕೆ. ಮಧ್ಯಾಹ್ನದ ನೆರಳು ದಿನಕ್ಕೆ ಐದಾರು ಮಿಲಿಮೀಟರಿನಂತೆ ಬುಡದ ಕಡೆಗೆ ಸರಿಯುತ್ತಿತ್ತು. ಏಪ್ರಿಲ್ 29ರಂದು ಅದು ಬುಡವನ್ನು ಸೇರಿತು. ಆ ಗಳಿಗೆ ಒಂದೆರಡು ನಿಮಿಷಗಳದು ಮಾತ್ರ. ಅಂಗಳದಲ್ಲಿ ನಿಂತ ಕೋಲು, ಕಂಬ, ಬಾವಿಯ ರಾಟೆಯ ಗೂಟ ಎಲ್ಲವೂ ನೆರಳನ್ನು ಕಳೆದುಕೊಂಡು ವಿಚಿತ್ರವಾಗಿ ಕಂಡವು. ಆಳವಾದ ತೆರೆದ ಬಾವಿಯ ತಳದ ನೀರಿನಲ್ಲಿ ಬಿಸಿಲು ಹೊಳೆಯುವುದು ವರ್ಷದಲ್ಲಿ ಇಂಥ ದಿನಗಳಲ್ಲಿಯೇ.

ನಾಲ್ಕನೆಯ ವಾರ ಕಂಡದ್ದು ಇನ್ನೂ ಸೊಗಸು. ಮೇ ತಿಂಗಳಲ್ಲಿ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳತೊಡಗಿತು! ಉತ್ತರ ಗೋಳಾರ್ಧದಲ್ಲಿ ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತದೆಂದು ನಾವೆಲ್ಲ ಓದಿದ್ದೇವೆ. ನಮ್ಮ ಊರಿಗೆ ಆ ನಿಯಮ ವರ್ಷದ ಎಲ್ಲ ದಿನಗಳಿಗೂ ಸಲ್ಲುವುದಿಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಸೂರ್ಯನು ಮಧ್ಯಾಹ್ನ ನಮಗೆ ಉತ್ತರದಲ್ಲಿರುತ್ತಾನೆ. ಜೂನ್ 21ರಂದು ಒಂದು ಮೀಟರ್ ಕೋಲಿನ ನೆರಳು 16 ಸೆಂಟಿಮೀಟರಿನಷ್ಟು ದಕ್ಷಿಣಕ್ಕೆ ಚಾಚುತ್ತದೆ. ಡಿಸೆಂಬರ್ 21ರ ಸುಮಾರಿಗೆ ಅದೇ ಕೋಲಿನ ನೆರಳು 77 ಸೆಂಟಿಮೀಟರಿನಷ್ಟು ಉತ್ತರಕ್ಕೆ. ಆಗಸ್ಟ್ 14ರ ಸುಮಾರಿಗೆ ನೆರಳು ಮತ್ತೊಮ್ಮೆ ಮಾಯವಾಗುತ್ತದೆ. ಬೇಸಗೆಯಲ್ಲಿ ಮೋಡ ಮುಚ್ಚಿ ಕೆಲಸ ಕೆಟ್ಟವರಿಗೆ ಇದು ಪ್ರಕೃತಿ ಕೊಡುವ ಎರಡನೆಯ ಅವಕಾಶ.

ಇದಕ್ಕೆಲ್ಲ ಮೂಲ ಸೂರ್ಯನ ಕ್ರಾಂತಿ. ಸೂರ್ಯನು ನೆತ್ತಿಯ ಮೇಲಿರುವ ಸ್ಥಳದ ಅಕ್ಷಾಂಶವನ್ನೇ ಆ ದಿನದ ಕ್ರಾಂತಿ ಎನ್ನುತ್ತಾರೆ. ಅದು ಮಾರ್ಚ್ 21ರ ಸುಮಾರಿಗೆ ಸೊನ್ನೆಯಾಗಿದ್ದು, ಜೂನ್ 21ರಂದು 23.4 ಡಿಗ್ರಿ ಉತ್ತರವಾಗುತ್ತದೆ. ಏಪ್ರಿಲ್ ಕೊನೆಯಲ್ಲಿ ದಿನಕ್ಕೆ ಸುಮಾರು 0.31 ಡಿಗ್ರಿಯಂತೆ ಏರುತ್ತದೆ. ನೆಲದ ಮೇಲೆ ಒಂದು ಡಿಗ್ರಿ ಅಕ್ಷಾಂಶವೆಂದರೆ 111 ಕಿಲೋಮೀಟರ್. ಎಂದರೆ ಸೂರ್ಯನು ನೆತ್ತಿಯ ಮೇಲಿರುವ ರೇಖೆ ಆ ದಿನಗಳಲ್ಲಿ ದಿನವೊಂದಕ್ಕೆ ಸುಮಾರು 34 ಕಿಲೋಮೀಟರ್, ಗಂಟೆಗೆ ಒಂದೂವರೆ ಕಿಲೋಮೀಟರಿಗಿಂತ ಕಡಿಮೆ, ಉತ್ತರಕ್ಕೆ ಸರಿಯುತ್ತದೆ. ಕಾವಲಿನಲ್ಲಿ ಮೇಯುತ್ತ ಸಾಗುವ ಕುರಿಮಂದೆಯ ನಡಿಗೆ ಅದು! ಏಪ್ರಿಲ್ 29ರಂದು ಚಳ್ಳಕೆರೆಯನ್ನು ಬಿಟ್ಟ ಸೂರ್ಯ ತಳುಕು, ಬಿ.ಜಿ. ಕೆರೆಗಳ ಅಕ್ಷಾಂಶವನ್ನು ದಾಟಿ, 14.7 ಡಿಗ್ರಿಯಲ್ಲಿರುವ ಮೊಳಕಾಲ್ಮೂರನ್ನು ಸೇರುವುದು ಏಪ್ರಿಲ್ 30ರ ಸುಮಾರಿಗೆ.

ಎರಡು ಊರು, ಒಂದು ಭೂಮಿ

ಇಲ್ಲಿಗೆ ನಮ್ಮ ಮೊದಲ ಪ್ರಶ್ನೆಗೆ ಉತ್ತರ ದೊರೆಯಿತು. ಆದರೆ ಒಳ್ಳೆಯ ಪ್ರಶ್ನೆಯ ಗುಣವೇನೆಂದರೆ, ಅದು ಹೋಗುವಾಗ ಇನ್ನೊಂದನ್ನು ಬಿಟ್ಟುಹೋಗುತ್ತದೆ. ಒಂದೇ ಮಧ್ಯಾಹ್ನ ಎರಡು ಊರುಗಳಲ್ಲಿ ನೆರಳು ಬೇರೆ ಬೇರೆಯಾಗಿರುವುದಾದರೆ, ಆ ವ್ಯತ್ಯಾಸದಿಂದ ಭೂಮಿಯ ಗಾತ್ರವನ್ನೇ ತಿಳಿಯಬಹುದಲ್ಲವೆ?

ಈ ಉಪಾಯ ಹೊಸದಲ್ಲ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದ ಗ್ರಂಥಾಲಯದಲ್ಲಿದ್ದ ಎರಟೋಸ್ತನೀಸ್ ಎಂಬ ವಿದ್ವಾಂಸ ಇದನ್ನು ಮಾಡಿದ. ದಕ್ಷಿಣದ ಸೈಯೀನ್ ಪಟ್ಟಣದಲ್ಲಿ ನೆರಳಿಲ್ಲದ ದಿನ ಅಲೆಕ್ಸಾಂಡ್ರಿಯದಲ್ಲಿ ನೆರಳಿನ ಕೋನ ಪೂರ್ಣವೃತ್ತದ 50ರಲ್ಲಿ ಒಂದು ಭಾಗವಾಗಿತ್ತು. ಆದುದರಿಂದ ಎರಡು ಊರುಗಳ ನಡುವಣ ದೂರದ 50 ಪಟ್ಟು ಭೂಮಿಯ ಪರಿಧಿ. ಅದೇ ಶತಮಾನದಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳು ಕೆತ್ತಲ್ಪಟ್ಟವು. ಆ ಬಂಡೆಗಳ ಮೇಲೂ ವರ್ಷಕ್ಕೆ ಎರಡು ಬಾರಿ ಸೂರ್ಯನು ನೆತ್ತಿಗೆ ಬರುತ್ತಾನೆ.

ನಮ್ಮ ಎರಡು ಊರುಗಳ ಅಕ್ಷಾಂಶದ ವ್ಯತ್ಯಾಸ ಸುಮಾರು 0.4 ಡಿಗ್ರಿ. ಉತ್ತರ ದಕ್ಷಿಣವಾಗಿ ನಕಾಶೆಯಲ್ಲಿ ಅಳೆದರೆ ದೂರ ಸುಮಾರು 45 ಕಿಲೋಮೀಟರ್. ರಸ್ತೆಯ ದೂರವನ್ನು ಇಲ್ಲಿ ತೆಗೆದುಕೊಳ್ಳಬಾರದು. ರಸ್ತೆ ಬಳಸಿಕೊಂಡು ಹೋಗುತ್ತದೆ, ಮೇಲಾಗಿ ಮೊಳಕಾಲ್ಮೂರು ಸ್ವಲ್ಪ ಪೂರ್ವಕ್ಕೂ ಇದೆ. ಆದರೆ ಒಬ್ಬನೇ ಒಂದೇ ಮಧ್ಯಾಹ್ನ ಎರಡು ಊರುಗಳಲ್ಲಿ ಇರಲಾರ. ಆದುದರಿಂದ ಮೊಳಕಾಲ್ಮೂರಿನಲ್ಲಿ ಉಪಾಧ್ಯಾಯರಾಗಿದ್ದ ಸ್ನೇಹಿತರೊಬ್ಬರನ್ನು ಜೊತೆಗೆ ಸೇರಿಸಿಕೊಂಡೆವು. ಜೊತೆಗಾರ ಬೇಕೆಂದು ನಾವು ಮೊದಲೇ ಪಟ್ಟಿಯಲ್ಲಿ ಬರೆದಿರಲಿಲ್ಲ. ಪ್ರಶ್ನೆಯೇ ಅವರನ್ನು ಕರೆದುತಂದಿತು.

ತಪ್ಪಿನ ಲೆಕ್ಕ

ಆ ವರ್ಷದ ಏಪ್ರಿಲ್ 29ರಂದು ಇಬ್ಬರೂ ಒಂದು ಮೀಟರ್ ಕೋಲಿನಿಂದ ಅಳೆದೆವು. ವ್ಯತ್ಯಾಸ 9 ಮಿಲಿಮೀಟರ್ ಬಂದಿತು. ಅದರ ಕೋನ 0.516 ಡಿಗ್ರಿ. 360ನ್ನು ಅದರಿಂದ ಭಾಗಿಸಿ 45ರಿಂದ ಗುಣಿಸಿದರೆ ಭೂಮಿಯ ಪರಿಧಿ 31,400 ಕಿಲೋಮೀಟರ್! ನಿಜವಾದ ಬೆಲೆ ಸುಮಾರು 40,000. ಪುಸ್ತಕದ ಸಂಖ್ಯೆಗೆ ಹೊಂದುವಂತೆ ನಮ್ಮ 9ನ್ನು 7 ಎಂದು ತಿದ್ದಿಬಿಡುವ ಆಸೆ ಒಂದು ಕ್ಷಣ ಬಂದುದು ಸುಳ್ಳಲ್ಲ. ಪ್ರಯೋಗಶಾಲೆಯ ದಾಖಲೆ ಪುಸ್ತಕಗಳಲ್ಲಿ ಅಂಕಗಳಿಗಾಗಿ ಇಂಥ ತಿದ್ದುಪಡಿ ನಡೆಯುವುದನ್ನು ಬಲ್ಲವರೇ ಬಲ್ಲರು. ಆದರೆ ಇಲ್ಲಿ ಅಂಕ ಕೊಡುವವರು ಯಾರೂ ಇರಲಿಲ್ಲ. ಯಾರನ್ನೂ ಮೆಚ್ಚಿಸಬೇಕಾಗಿಲ್ಲದಿದ್ದಾಗ ಸತ್ಯ ಹೇಳುವುದು ಎಷ್ಟು ಸುಲಭವೆಂಬುದು ಅಂದು ನಮಗೆ ಅರಿವಾಯಿತು. 9ನ್ನು 9 ಎಂದೇ ಬಿಟ್ಟು, ತಪ್ಪು ಎಲ್ಲಿಂದ ಬಂದಿತೆಂದು ಹುಡುಕಿದೆವು.

ಮೊದಲನೆಯದು ಕೋಲಿನ ವಾಲು. ಒಂದು ಮೀಟರ್ ಕೋಲು ಒಂದೇ ಒಂದು ಡಿಗ್ರಿ ವಾಲಿದರೂ ಅದರ ತುದಿ 17 ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ನಾವು ಅಳೆಯಹೊರಟ ವ್ಯತ್ಯಾಸವೇ 7 ಮಿಲಿಮೀಟರ್! ಕಣ್ಣಳತೆಯಿಂದ ನೆಟ್ಟಗೆ ನಿಲ್ಲಿಸಿದ ಕೋಲು ಇಲ್ಲಿ ಸಾಲದು. ಮನೆ ಕಟ್ಟುವವರ ತೂಕದ ಗುಂಡೂ ರಸಮಟ್ಟವೂ ಬೇಕು.

ಎರಡನೆಯದು ನೆರಳಿನ ಅಂಚು. ಸೂರ್ಯನು ಒಂದು ಬಿಂದುವಲ್ಲ. ನಮಗೆ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು ಅಗಲವಾಗಿ ಕಾಣುವ ಬಿಲ್ಲೆ. ಆದುದರಿಂದ ಒಂದು ಮೀಟರ್ ಎತ್ತರದ ತುದಿಯ ನೆರಳಿಗೆ 9 ಮಿಲಿಮೀಟರ್ ಅಗಲದ ಅರೆನೆರಳು ಇರುತ್ತದೆ. ಎಲ್ಲಿ ನೆರಳು ಮುಗಿಯಿತು, ಎಲ್ಲಿ ಬಿಸಿಲು ಮೊದಲಾಯಿತು ಎಂದು ಇಬ್ಬರು ನೋಡಿದರೆ ಎರಡು ಉತ್ತರ.

ಇದಕ್ಕೆ ಪರಿಹಾರವನ್ನು ಹಳೆಯ ಮಾಳಿಗೆ ಮನೆಯೊಂದು ತೋರಿಸಿತು. ಮಾಳಿಗೆಯ ಬೆಳಕಿಂಡಿಯಿಂದ ನೆಲದ ಮೇಲೆ ಬೀಳುತ್ತಿದ್ದ ದುಂಡನೆಯ ಬಿಸಿಲಿನ ಬಿಲ್ಲೆಯನ್ನು ನೋಡಿದಾಗ, ನೆರಳನ್ನು ಬಿಟ್ಟು ಬೆಳಕನ್ನೇ ಏಕೆ ಅಳೆಯಬಾರದು ಎನಿಸಿತು. ಬೆಳಕಿಂಡಿಗೆ ರಟ್ಟು ಮುಚ್ಚಿ, ಅದರಲ್ಲಿ ಮೂರು ಮಿಲಿಮೀಟರ್ ಅಗಲದ ರಂಧ್ರ ಮಾಡಬೇಕು. ರಂಧ್ರದಿಂದ ತೂಕದ ಗುಂಡನ್ನು ಇಳಿಬಿಟ್ಟು, ಅದು ನೆಲದಲ್ಲಿ ತೋರಿಸುವ ಬಿಂದುವನ್ನು ಗುರುತಿಸಿಕೊಳ್ಳಬೇಕು. ವಾಲುವ ಕೋಲಿನ ತೊಂದರೆ ಅಲ್ಲಿಗೆ ಮುಗಿಯಿತು. ಆ ಬಿಂದುವಿನ ಮೇಲೆ ಉತ್ತರ ದಕ್ಷಿಣ ರೇಖೆ ಎಳೆದು, ಬಿಸಿಲಿನ ಬಿಲ್ಲೆ ಪಶ್ಚಿಮದಿಂದ ಪೂರ್ವಕ್ಕೆ ಸರಿಯುತ್ತ ಆ ರೇಖೆಯನ್ನು ದಾಟುವಾಗ ಅದರ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯಬೇಕು. ಬಿಲ್ಲೆಯ ಅಂಚು ಮಸುಕಾಗಿದ್ದರೂ ಅದರ ನಡುವನ್ನು ಕಂಡುಹಿಡಿಯುವುದು ಕಷ್ಟವಲ್ಲ. ಮೂರು ಮೀಟರ್ ಎತ್ತರದಲ್ಲಿ ಎರಡೂರುಗಳ ವ್ಯತ್ಯಾಸ 7 ಮಿಲಿಮೀಟರಿನ ಬದಲು 21 ಮಿಲಿಮೀಟರ್ ಆಗುತ್ತದೆ. ಒಂದು ಮಿಲಿಮೀಟರಿನ ತಪ್ಪು ಇಲ್ಲಿ ಮೂರನೆಯ ಒಂದು ಭಾಗದಷ್ಟೇ ಹಾನಿ ಮಾಡಬಲ್ಲದು.

ಮೊಳಕಾಲ್ಮೂರಿನ ಸ್ನೇಹಿತರೂ ಅದೇ ಎತ್ತರದಲ್ಲಿ ರಂಧ್ರ ಹೊಂದಿಸಿಕೊಂಡರು. ಆಗಸ್ಟಿನಲ್ಲಿ ಮೋಡ ನಮ್ಮನ್ನು ಸೋಲಿಸಿತು. ಮರುವರ್ಷದ ಏಪ್ರಿಲ್‌ನಲ್ಲಿ ಮಾತ್ರ ವ್ಯತ್ಯಾಸ 20 ಮಿಲಿಮೀಟರ್ ದೊರೆಯಿತು. ಪರಿಧಿ 42,400 ಕಿಲೋಮೀಟರ್. ನೂರಕ್ಕೆ ಆರರಷ್ಟು ತಪ್ಪು ಉಳಿದಿದೆ. ಆದರೆ ಆ ತಪ್ಪು ಎಲ್ಲಿದೆ, ಎಷ್ಟಿರಬಹುದು ಎಂಬುದನ್ನು ಈಗ ನಾವು ಬಲ್ಲೆವು. ಪುಸ್ತಕದಿಂದ ಬಾಯಿಪಾಠ ಮಾಡಿದ 40,000ಕ್ಕಿಂತ ಈ 42,400 ನಮಗೆ ಹೆಚ್ಚು ಪ್ರಿಯವಾದ ಸಂಖ್ಯೆ.

ಪುಸ್ತಕದ ಸ್ಥಾನ

ಹಾಗಾದರೆ ಪುಸ್ತಕ ಬೇಡವೆ? ಬೇಕು. ಆದರೆ ಅದು ಪ್ರಶ್ನೆಯ ಹಿಂದೆ ಬರಬೇಕು. ನೆರಳು 12 ಗಂಟೆಗೆ ಗಿಡ್ಡವಾಗದಿದ್ದಾಗ ರೇಖಾಂಶದ ಅಧ್ಯಾಯವನ್ನು ತೆರೆದೆವು. ಮೊದಲು ನೀರಸವೆನಿಸಿದ್ದ ಅದೇ ಪುಟಗಳನ್ನು ಊಟದ ಹೊತ್ತು ಮೀರಿದರೂ ಬಿಡದೆ ಓದಿದೆವು. ಹಸಿದವನಿಗೆ ಅನ್ನದ ರುಚಿ ಹೇಳಿಕೊಡಬೇಕಾಗಿಲ್ಲ.

ಬ್ರಹ್ಮಗಿರಿಯ ಶಾಸನಗಳ ಕಥೆಯಲ್ಲಿಯೂ ಇದೇ ಪಾಠವಿದೆ. ಅವುಗಳನ್ನು 1892ರಲ್ಲಿ ಬೆಳಕಿಗೆ ತಂದ ಬಿ. ಎಲ್. ರೈಸ್ ಅವರು ಬೆಂಗಳೂರಿನಲ್ಲಿ 1837ರಲ್ಲಿ ಹುಟ್ಟಿದವರು. ಅವರ ಮೊದಲ ಉದ್ಯೋಗ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ. ಶಾಸನ ಓದುವುದು ಆ ಉದ್ಯೋಗದ ಕರ್ತವ್ಯವಾಗಿರಲಿಲ್ಲ. ಊರೂರಿನ ಕಲ್ಲುಗಳ ಮೇಲಿನ ಅಕ್ಷರಗಳು ಹುಟ್ಟಿಸಿದ ಕುತೂಹಲವೇ ಅವರನ್ನು ಆ ವಿದ್ಯೆಗೆ ಎಳೆಯಿತು. ಕೊನೆಗೆ ಅದೇ ಅವರ ಜೀವನದ ಕೆಲಸವಾಗಿ, ಸಾವಿರಾರು ಶಾಸನಗಳು ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ಅಚ್ಚಾದವು. ಎಲ್ಲರ ಕುತೂಹಲವೂ ಇಷ್ಟು ದೂರ ಹೋಗಬೇಕೆಂದಿಲ್ಲ. ಅಂಗಳದಲ್ಲಿಯೇ ಮುಗಿದರೂ ಅದು ಸಾರ್ಥಕವೇ.

ನಿಮ್ಮ ಪಟ್ಟಿ

ನೆರಳೇ ಆಗಬೇಕೆಂದು ನಮ್ಮ ಹಟವಿಲ್ಲ. ಈ ಎರಡು ತಾಲ್ಲೂಕುಗಳಲ್ಲಿ ಪ್ರಶ್ನೆಗಳಿಗೆ ಕೊರತೆಯೇ? ಕುರಿಯ ಉಣ್ಣೆಯ ಕಂಬಳಿ ಮೈಯನ್ನು ಬೆಚ್ಚಗಿಡುತ್ತದೆ. ಹಾಗಾದರೆ ಮಂಜುಗಡ್ಡೆಯನ್ನು ಕಂಬಳಿಯಲ್ಲಿ ಸುತ್ತಿಟ್ಟರೆ ಬೇಗ ಕರಗುವುದೋ, ತಡವಾಗಿ ಕರಗುವುದೋ? ಮೊದಲು ಊಹೆ ಬರೆದಿಟ್ಟು ಆಮೇಲೆ ನೋಡಿ. ಚಳ್ಳಕೆರೆಯ ಗಾಣದ ಕಡಲೆಕಾಯಿ ಎಣ್ಣೆ ನೀರಿನ ಮೇಲೆ ತೇಲುತ್ತದೆ. ಒಂದು ಲೋಟ ಎಣ್ಣೆ ಒಂದು ಲೋಟ ನೀರಿಗಿಂತ ಎಷ್ಟು ಹಗುರ, ಬಿಸಿ ಮಾಡಿದರೆ ಇನ್ನೆಷ್ಟು ಹಗುರ? ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಅಂಚಿನಲ್ಲಿ ಒಂದು ಚಿತ್ರ ಎಷ್ಟು ಎಳೆಗಳಿಗೊಮ್ಮೆ ಮರಳಿ ಬರುತ್ತದೆ, ನೇಕಾರರು ಅದನ್ನು ಹೇಗೆ ಲೆಕ್ಕ ಇಡುತ್ತಾರೆ? ಮಗ್ಗದ ಮುಂದೆ ವಿನಯದಿಂದ ಕುಳಿತು ಕೇಳಿದರೆ ಯಾವ ಗಣಿತದ ಪುಸ್ತಕದಲ್ಲಿಯೂ ಇಲ್ಲದ ಪಾಠ ಸಿಕ್ಕೀತು.

ಯಾವುದನ್ನು ಆರಿಸಿಕೊಂಡರೂ ಕೆಲವು ಮಾತುಗಳನ್ನು ನೆನಪಿಡಿ. ಪ್ರಶ್ನೆ ಒಂದೇ ವಾಕ್ಯದಲ್ಲಿರಲಿ, ನಿಮ್ಮ ಕೈಗೆ ಎಟಕುವಂತಿರಲಿ. ಊಹೆಯನ್ನು ದಿನಾಂಕದೊಡನೆ ಮೊದಲೇ ಬರೆದಿಡಿ. ಮನೆಯಲ್ಲಿ ಇರುವುದರಿಂದಲೇ ಆರಂಭಿಸಿ. ಇಲ್ಲದ ಉಪಕರಣಕ್ಕಾಗಿ ಕಾಯುವವನ ರಜೆ ಕಾಯುವುದರಲ್ಲಿಯೇ ಮುಗಿಯುತ್ತದೆ. ಆರಂಭಕ್ಕೊಂದು ದಿನ, ಮುಕ್ತಾಯಕ್ಕೊಂದು ದಿನ ಗೊತ್ತುಮಾಡಿಕೊಳ್ಳಿ. ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ಮಾಡಲು ಹೋಗಬೇಡಿ, ಅಂದಿನದನ್ನಷ್ಟೇ ಮಾಡಿ. ಕಂಡ ಸಂಖ್ಯೆಯನ್ನು ಕಂಡಂತೆಯೇ ಬರೆಯಿರಿ. ಎರಡು ವಾರ ಪ್ರಾಮಾಣಿಕವಾಗಿ ಪ್ರಯತ್ನಿಸಿದ ಮೇಲೂ ವಿಷಯ ರುಚಿಸದಿದ್ದರೆ ನಾಚದೆ ಬಿಟ್ಟುಬಿಡಿ. ಶಾಲೆಯ ಪಾಠದಲ್ಲಿ ಇಲ್ಲದ ಸ್ವಾತಂತ್ರ್ಯವೆಂದರೆ ಇದೇ. ಕೊನೆಯಲ್ಲಿ, ಕಲಿತದ್ದನ್ನು ಮನೆಯವರಿಗೊಬ್ಬರಿಗೆ ಹೇಳಿ. ನಾವು ನಮ್ಮ ನಾಲ್ಕು ಪುಟಗಳನ್ನು ನಮ್ಮ ತಾಯಿಯವರ ಮುಂದೆ ಓದಿದಾಗ, ಎರಡನೆಯ ಪುಟದಲ್ಲಿಯೇ ಅವರು "ಸೂರ್ಯ ಉತ್ತರಕ್ಕೆ ಹೋಗುತ್ತಾನೆ ಅಂತೀಯ, ಹಾಗಾದರೆ ಹಿಂದಕ್ಕೆ ಬರುವುದು ಯಾವಾಗ?" ಎಂದು ಕೇಳಿದರು. ಆಗಸ್ಟ್ ತಿಂಗಳ ಮಾತನ್ನು ನಾವು ಬರೆಯುವುದನ್ನೇ ಮರೆತಿದ್ದೆವು.

ಹಿಂದಿನ ಬೆಂಚಿನ ಆ ವಿದ್ಯಾರ್ಥಿಗೆ ಸರಿಯಾದ ಉತ್ತರವನ್ನು ಮುಂದಿನ ವರ್ಷ ತರಗತಿಯ ಎದುರಿನಲ್ಲಿಯೇ ಹೇಳಿ, ಹಿಂದೆ ಹೇಳಿದ್ದು ತಪ್ಪೆಂದೂ ಒಪ್ಪಿಕೊಂಡೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಸಾರ್, ನೆರಳು ಎಂದೂ ಮಾಯವಾಗದ ಊರು ನಮ್ಮ ದೇಶದಲ್ಲಿ ಇದೆಯೆ?" ಎಂದು ಕೇಳಿದ. ಈ ಬಾರಿ ನಾವು ಅವಸರಪಡಲಿಲ್ಲ. "ಇದೆಯೋ ಇಲ್ಲವೋ, ನಕಾಶೆ ತೆಗೆದುಕೊಂಡು ನೀನೇ ನೋಡು. ಮೊದಲು ನಿನ್ನ ಊಹೆಯನ್ನು ಬರೆದಿಡು" ಎಂದೆವು. ವಾಚಕರಿಗೂ ಅದನ್ನೇ ಹೇಳಿ ಈ ಲೇಖನವನ್ನು ಮುಗಿಸುತ್ತೇವೆ.